ಕಾರಿನ ರಿಮೋಟ್ ಕೀಯ ಸೆಲ್ ಅನ್ನು ಮನೆಯಲ್ಲೇ ಬದಲಾಯಿಸುವ ಬಗೆ

ಹೊಸನಗರದ ಒಳಹಳ್ಳಿಯಿಂದಲೋ ಆಗುಂಬೆಯ ಆಸುಪಾಸಿನಿಂದಲೋ ಕಾರು ಕಂಪನಿಯ ಸರ್ವಿಸ್ ಸೆಂಟರಿಗೆಂದು ಶಿವಮೊಗ್ಗಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೆಲಸ ಕೆಟ್ಟಂತೆಯೇ. ಕೀಯೊಳಗಿನ ಒಂದು ಸೆಲ್‌ಗಾಗಿ ಆ ಪ್ರಯಾಣ ಮಾಡಬೇಕಾಗಿಲ್ಲ. ನಾಣ್ಯದ ಗಾತ್ರದ ಆ ಸೆಲ್ ಅನ್ನು ಹಗಲು ಬೆಳಕಿನಲ್ಲಿ, ಮೇಜಿನ ಮುಂದೆ ಹದಿನೈದು ನಿಮಿಷ ಸಾವಧಾನವಾಗಿ ಕುಳಿತು ಯಾರು ಬೇಕಾದರೂ ಬದಲಾಯಿಸಬಹುದು. ಸಾವಧಾನ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಈ ಕೆಲಸದಲ್ಲಿ ಕೀ ಹಾಳಾಗುವುದು ಕವಚವನ್ನು ಅವಸರದಲ್ಲಿ ಮೀಟುವುದರಿಂದ, ಒಳಗಿನ ಚಿಕ್ಕ ಭಾಗವೊಂದು ಗಮನಕ್ಕೆ ಬಾರದೆ ಬಿದ್ದುಹೋಗುವುದರಿಂದ, ಮತ್ತು ನಮ್ಮ ಕಡೆಯ ಮಳೆಗಾಲದ ತೇವ ಒಳಗೆ ಸೇರಿಕೊಳ್ಳುವುದರಿಂದ.

ಕೀಯೊಳಗೆ ನಡೆಯುವ ಎರಡು ಬೇರೆ ಕೆಲಸಗಳು

ಕೀಯೊಳಗೆ ಏನಿದೆ ಎಂದು ತಿಳಿದರೆ ಅದನ್ನು ಬಿಚ್ಚುವ ಭಯ ಅರ್ಧ ಕಳೆಯುತ್ತದೆ. ಬಾಗಿಲ ಬೀಗದ ಗುಂಡಿ ಒತ್ತಿದಾಗ ಕೀಯಿಂದ ಒಂದು ಚಿಕ್ಕ ರೇಡಿಯೋ ಸಂಕೇತ ಹೊರಡುತ್ತದೆ. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಇದು 433 ಮೆಗಾಹರ್ಟ್ಸ್ ಆಸುಪಾಸಿನದು. ಸೆಲ್ ಬೇಕಾಗುವುದು ಈ ಕೆಲಸಕ್ಕೆ. ಎಂಜಿನ್ ಸ್ಟಾರ್ಟ್ ಆಗಲು ಒಪ್ಪಿಗೆ ಕೊಡುವ ಇಮ್ಮೊಬಿಲೈಸರ್ ಚಿಪ್‌ನ ಕೆಲಸ ಬೇರೆಯೇ. ಕೀ ತಿರುಗಿಸುವ ಜಾಗದ ಸುತ್ತಲೋ ಸ್ಟಾರ್ಟ್ ಗುಂಡಿಯ ಬಳಿಯೋ ಇರುವ ತಂತಿ ಸುರುಳಿಯಿಂದಲೇ ಆ ಚಿಪ್ ತನಗೆ ಬೇಕಾದಷ್ಟು ವಿದ್ಯುತ್ತನ್ನು ಪಡೆದುಕೊಳ್ಳುವುದರಿಂದ ಅದಕ್ಕೆ ಸೆಲ್‌ನ ಹಂಗಿಲ್ಲ. ಆದ್ದರಿಂದ ಸೆಲ್ ಪೂರ್ತಿ ಸತ್ತರೂ ಕಾರು ಸ್ಟಾರ್ಟ್ ಆಗುತ್ತದೆ. ಅದರ ವಿಧಾನವನ್ನು ಮುಂದೆ ಹೇಳುತ್ತೇನೆ.

ಸೆಲ್ ತೆಗೆದರೆ ಕೀ ತನ್ನ ಕಾರನ್ನು ಮರೆತುಬಿಡುತ್ತದೆಯೇ, ಮತ್ತೆ ಪ್ರೋಗ್ರಾಮ್ ಮಾಡಿಸಬೇಕೇ ಎಂದು ಹಲವರು ಕೇಳುತ್ತಾರೆ. ಕೀಯ ಗುರುತಿನ ಸಂಕೇತವು ವಿದ್ಯುತ್ ಇಲ್ಲದಿದ್ದರೂ ಅಳಿಯದ ಸ್ಮೃತಿಯಲ್ಲಿ ಇರುವುದರಿಂದ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ತಪ್ಪು ಸೆಲ್‌ನದೇ ಎಂದು ಖಚಿತಪಡಿಸಿಕೊಳ್ಳುವುದು

ಮೊದಲು ಇಪ್ಪತ್ತು ಹೆಜ್ಜೆ ದೂರದಿಂದ ತೆರೆಯುತ್ತಿದ್ದ ಬಾಗಿಲು ಈಗ ಕಾರಿನ ಪಕ್ಕಕ್ಕೆ ಹೋದರೆ ಮಾತ್ರ ತೆರೆಯುತ್ತಿದ್ದರೆ, ಗುಂಡಿಯನ್ನು ಎರಡು ಮೂರು ಬಾರಿ ಒತ್ತಬೇಕಾಗುತ್ತಿದ್ದರೆ, ಕೀಯ ಪುಟ್ಟ ದೀಪ ಮಂಕಾಗಿದ್ದರೆ ಸೆಲ್ ಸೋತಿದೆ ಎಂದೇ ಅರ್ಥ. ಸ್ಟಾರ್ಟ್ ಗುಂಡಿಯಿರುವ ಹಲವು ಕಾರುಗಳು ಮೀಟರಿನ ಪರದೆಯ ಮೇಲೆಯೇ ಎಚ್ಚರಿಕೆ ಕೊಡುತ್ತವೆ. ನಮ್ಮ ಊರುಗಳಲ್ಲಿ ಇನ್ನೊಂದು ಲಕ್ಷಣವೂ ಕಾಣುತ್ತದೆ. ಮಾಗಿಯ ಚಳಿಯಲ್ಲಿ ಬೆಳಗಿನ ಜಾವ ಕೆಲಸ ಮಾಡದ ಕೀ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಯಾದಂತೆ ತೋರುತ್ತದೆ. ಚಳಿಗೆ ಸೆಲ್‌ನ ಒಳಗಿನ ರೋಧ ಹೆಚ್ಚುವುದರಿಂದ ಸೋತ ಸೆಲ್ ಬೇಕಾದಷ್ಟು ವಿದ್ಯುತ್ ಕೊಡಲಾರದೆ ಹೋಗುತ್ತದೆ, ಬಿಸಿಲೇರಿದಾಗ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಹೀಗಾದಾಗ ಸರಿಹೋಯಿತು ಎಂದು ಸುಮ್ಮನಿರದೆ ಆ ವಾರದೊಳಗೇ ಸೆಲ್ ಬದಲಾಯಿಸುವುದು ಒಳಿತು.

ಕವಚಕ್ಕೆ ಕೈ ಹಾಕುವ ಮುನ್ನ ಎರಡನೆಯ ಕೀಯನ್ನು ಪರೀಕ್ಷಿಸಿ ನೋಡಿ. ಅದು ಸರಿಯಾಗಿ ಕೆಲಸ ಮಾಡಿದರೆ ದೋಷ ಮೊದಲ ಕೀಯಲ್ಲಿದೆ. ಎರಡೂ ಒಟ್ಟಿಗೆ ಕೈಕೊಟ್ಟಿದ್ದರೆ ಕಾರಿನ ದೊಡ್ಡ ಬ್ಯಾಟರಿಯನ್ನೋ ಫ್ಯೂಸನ್ನೋ ನೋಡಬೇಕು. ಒಂದೇ ಕೀಯಲ್ಲಿ ಲಾಕ್ ಗುಂಡಿ ಕೆಲಸ ಮಾಡುತ್ತಿದ್ದು ಅನ್‌ಲಾಕ್ ಗುಂಡಿ ಮಾತ್ರ ಸುಮ್ಮನಿದ್ದರೆ ಸವೆದಿರುವುದು ಆ ಗುಂಡಿಯ ಅಡಿಯ ಸ್ವಿಚ್. ಹೊಸ ಸೆಲ್ ಹಾಕಿ ಪ್ರಯೋಜನವಿಲ್ಲ.

ಸರಿಯಾದ ಸೆಲ್ ಯಾವುದು

ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಸೆಲ್‌ನ ಸಂಖ್ಯೆ ಇರುತ್ತದೆ. ಹಳೆಯ ಸೆಲ್‌ನ ಬೆನ್ನ ಮೇಲೂ ಅದು ಕೊರೆದಿರುತ್ತದೆ. ಹೆಚ್ಚಾಗಿ ಕಾಣುವುದು ಸಿಆರ್ 2032. ಸಿಆರ್ 2025, ಸಿಆರ್ 1620, ಸಿಆರ್ 2450 ಬಳಸುವ ಕೀಗಳೂ ಇವೆ. ಈ ಸಂಖ್ಯೆಯನ್ನು ಓದಲು ಕಲಿತರೆ ಅಂಗಡಿಯಲ್ಲಿ ಮೋಸಹೋಗುವುದಿಲ್ಲ. ಮೊದಲ ಎರಡು ಅಂಕಿಗಳು ವ್ಯಾಸವನ್ನು ಮಿಲಿಮೀಟರಿನಲ್ಲಿ, ಕೊನೆಯ ಎರಡು ಅಂಕಿಗಳು ದಪ್ಪವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತವೆ. ಅಂದರೆ 2032 ಎಂಬುದು 20 ಮಿಲಿಮೀಟರ್ ಅಗಲದ, 3.2 ಮಿಲಿಮೀಟರ್ ದಪ್ಪದ ಸೆಲ್. ಸಿಆರ್ ಎಂದು ಶುರುವಾಗುವ ಇವೆಲ್ಲವೂ 3 ವೋಲ್ಟಿನ ಲಿಥಿಯಂ ಸೆಲ್‌ಗಳು.

2032 ಸಿಗಲಿಲ್ಲವೆಂದು 2025 ತರಬಾರದು. ವೋಲ್ಟೇಜು ಒಂದೇ ಆದರೂ ಅದು 0.7 ಮಿಲಿಮೀಟರ್ ತೆಳ್ಳಗಿರುವುದರಿಂದ ಒಳಗಿನ ತಗಡಿನ ನಾಲಗೆಗೆ ಬಿಗಿಯಾಗಿ ತಾಗುವುದಿಲ್ಲ. ಮನೆಯಂಗಳದಲ್ಲಿ ಕೆಲಸ ಮಾಡಿದ ಕೀ ಘಟ್ಟದ ರಸ್ತೆಯ ಕುಲುಕಾಟಕ್ಕೆ ಸಂಪರ್ಕ ಕಳೆದುಕೊಳ್ಳುತ್ತದೆ. ಇದಕ್ಕಿಂತ ದೊಡ್ಡ ತಪ್ಪೆಂದರೆ ಎರಡು 2016 ಸೆಲ್‌ಗಳನ್ನು ಒಂದರ ಮೇಲೊಂದು ಇಡುವುದು. ದಪ್ಪ ಸರಿಯಾಗಿ 3.2 ಮಿಲಿಮೀಟರ್ ಆಗುತ್ತದೆ, ಆದರೆ ವೋಲ್ಟೇಜು 6 ಆಗಿ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಎರಡು ಸೆಲ್‌ಗಳಿಗೆಂದೇ ರೂಪಿಸಿದ ಹಳೆಯ ಕೀಗಳು ಕೆಲವು ಇವೆ. ಬಿಚ್ಚಿದಾಗ ಎರಡು ಕಂಡರೆ ಮಾತ್ರ ಎರಡನ್ನು ಹಾಕಬೇಕು. ಎಲ್‌ಐಆರ್ 2032 ಎಂಬ, ಚಾರ್ಜ್ ಮಾಡಬಲ್ಲ ಸೆಲ್ ಗಾತ್ರದಲ್ಲಿ ಹಾಗೆಯೇ ಇದ್ದರೂ ಪೂರ್ತಿ ಚಾರ್ಜಿನಲ್ಲಿ 4.2 ವೋಲ್ಟ್ ಕೊಡುವುದರಿಂದ ಅದೂ ಬೇಡ.

ಶಿವಮೊಗ್ಗದ ಗಾಂಧಿ ಬಜಾರ್, ನೆಹರೂ ರಸ್ತೆಯಂಥ ಪೇಟೆ ಬೀದಿಗಳಿಗೇ ಬರಬೇಕೆಂದಿಲ್ಲ. ಸಣ್ಣ ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ, ಎಲೆಕ್ಟ್ರಿಕಲ್ ಅಂಗಡಿಯಲ್ಲಿ, ಎಷ್ಟೋ ಕಡೆ ಮೆಡಿಕಲ್ ಶಾಪಿನಲ್ಲೂ ವಿಚಾರಿಸಿ. ಸಕ್ಕರೆ ಕಾಯಿಲೆ ಪರೀಕ್ಷಿಸುವ ಗ್ಲೂಕೋಮೀಟರ್‌ಗಳಲ್ಲಿ ಹಲವು ಇದೇ 2032 ಸೆಲ್‌ನಿಂದ ನಡೆಯುತ್ತವೆ. ಡಬ್ಬದಲ್ಲಿ ಬಿಡಿಯಾಗಿ ಒಂದರ ಮೇಲೊಂದು ಬಿದ್ದಿರುವ ಸೆಲ್‌ಗಳನ್ನು ಕೊಳ್ಳಬೇಡಿ, ಅವು ಪರಸ್ಪರ ತಾಗಿ ಅಲ್ಲಿಯೇ ಖಾಲಿಯಾಗಿರುತ್ತವೆ. ಪ್ಯಾಕಿನಲ್ಲಿರುವ, ಅವಧಿ ಬಹಳ ದೂರವಿರುವ ಸೆಲ್ ಅನ್ನೇ ಆರಿಸಿ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ ಡಿಸಿ 20 ವೋಲ್ಟ್ ಮಟ್ಟಕ್ಕಿಟ್ಟು ನೋಡಬಹುದು, ಹೊಸದು 3.2ರ ಆಸುಪಾಸು ತೋರಿಸುತ್ತದೆ. ಹಳೆಯದು 2.9ಕ್ಕಿಂತ ಕೆಳಗಿದ್ದರೆ ಅದರ ಕಾಲ ಮುಗಿದಂತೆ. ಆದರೆ ಸೋತ ಲಿಥಿಯಂ ಸೆಲ್ ಕೂಡ ಹೊರೆಯಿಲ್ಲದಿರುವಾಗ 3 ವೋಲ್ಟ್ ತೋರಿಸುವುದುಂಟು. ಆದ್ದರಿಂದ ಮೀಟರಿನ ಅಂಕಿಗಿಂತ ಕೀಯ ನಡವಳಿಕೆಯನ್ನೇ ಹೆಚ್ಚು ನಂಬಿ.

ಜಾಗ ಮತ್ತು ಸಲಕರಣೆ

ಮೇಜಿನ ಮೇಲೆ ಬಿಳಿಯ ಬಟ್ಟೆಯನ್ನೋ ಅಂಚಿರುವ ತಟ್ಟೆಯನ್ನೋ ಇಟ್ಟುಕೊಂಡು ಅದರ ಮೇಲೆಯೇ ಕೆಲಸ ಮಾಡಿ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರ್, ವಾಚ್ ರಿಪೇರಿಯ ಗಾತ್ರದ ಸ್ಟಾರ್ ಸ್ಕ್ರೂಡ್ರೈವರ್, ಮರದ ಹಲ್ಲುಕಡ್ಡಿ, ಒಣ ಹತ್ತಿ ಬಟ್ಟೆ ಇಷ್ಟಿದ್ದರೆ ಸಾಕು. ಐಸೋಪ್ರೊಪೈಲ್ ಆಲ್ಕೋಹಾಲ್ ಇದ್ದರೆ ಒಳ್ಳೆಯದು. ಚಪ್ಪಟೆ ಸ್ಕ್ರೂಡ್ರೈವರಿನ ತುದಿಗೆ ಒಂದು ಸುತ್ತು ಟೇಪ್ ಸುತ್ತಿದರೆ ಪ್ಲಾಸ್ಟಿಕ್ಕಿನ ಅಂಚು ಕಿತ್ತುಬರುವುದಿಲ್ಲ. ಕೈ ಪೂರ್ತಿ ಒಣಗಿರಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಗೋಡೆ, ಬಟ್ಟೆ, ಕಾಗದವೆಲ್ಲ ತೇವ ಹೀರಿಕೊಂಡಿರುವ ಕಾಲ. ಮಳೆ ಹೊಯ್ಯುತ್ತಿರುವಾಗ ಜಗಲಿಯಲ್ಲಿ ಕೀ ಬಿಚ್ಚದೆ, ಒಳಗೆ ಫ್ಯಾನಿನ ಗಾಳಿಯಿರುವ ಒಣ ಕೋಣೆಯಲ್ಲಿ ಕುಳಿತುಕೊಳ್ಳಿ. ಸಾಧ್ಯವಿದ್ದರೆ ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲೇ ಈ ಕೆಲಸ ಮುಗಿಸುವುದು ಉತ್ತಮ.

ಕವಚ ತೆರೆಯುವುದು

ಕೀಯ ರೂಪಕ್ಕೆ ತಕ್ಕಂತೆ ತೆರೆಯುವ ದಾರಿ ಬೇರೆಯಾಗುತ್ತದೆ. ಸ್ಟಾರ್ಟ್ ಗುಂಡಿಯ ಕಾರುಗಳ ಸ್ಮಾರ್ಟ್ ಕೀ ಎಲ್ಲಕ್ಕಿಂತ ಸುಲಭ. ಅದರ ಬದಿಯಲ್ಲೋ ಹಿಂಬದಿಯಲ್ಲೋ ಒಂದು ಚಿಕ್ಕ ತಡೆ ಇರುತ್ತದೆ. ಅದನ್ನು ಸರಿಸಿ ಎಳೆದರೆ ತುರ್ತಿಗೆಂದು ಅಡಗಿಸಿಟ್ಟ ಲೋಹದ ಕೀ ಹೊರಬರುತ್ತದೆ. ಅದು ಇದ್ದ ಪೊಳ್ಳಿನ ಬಳಿ ಸಾಮಾನ್ಯವಾಗಿ ಒಂದು ಸೀಳು ಕಾಣುತ್ತದೆ. ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಿಟ್ಟು ಮೀಟುವುದರ ಬದಲು ಮೆಲ್ಲಗೆ ತಿರುಗಿಸಬೇಕು. ಟಕ್ ಎಂದು ಒಂದು ಕಡೆ ಬಿಟ್ಟ ಮೇಲೆ ಉಗುರನ್ನು ಸಂದಿನುದ್ದಕ್ಕೂ ಸರಿಸಿದರೆ ಉಳಿದ ಕೊಂಡಿಗಳು ತಾವಾಗಿ ಬಿಡುತ್ತವೆ. ಬಿಡದಿದ್ದರೆ ಬಲ ಹೆಚ್ಚಿಸಬೇಡಿ. ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಥವಾ ಜಾಗ ತಪ್ಪಾಗಿದೆ ಎಂದು ತಿಳಿದು ಕಾರಿನ ಪುಸ್ತಕದ ಚಿತ್ರವನ್ನು ಮತ್ತೊಮ್ಮೆ ನೋಡಿ.

ಮಡಿಸುವ ಕೀಯಲ್ಲಿ ಮೊದಲು ಲೋಹದ ಕೀಯನ್ನು ಹೊರಕ್ಕೆ ಬಿಡಿಸಿಟ್ಟುಕೊಳ್ಳಿ. ಹಿಂಬದಿಯಲ್ಲಿ ಸೆಲ್‌ಗೆಂದೇ ಪ್ರತ್ಯೇಕ ಮುಚ್ಚಳವಿದ್ದರೆ ಅದನ್ನಷ್ಟೇ ತೆಗೆಯಿರಿ. ಮುಚ್ಚಳವಿಲ್ಲದೆ ಕವಚವೇ ಎರಡು ಹೋಳಾಗುವಂಥದ್ದಾದರೆ ಸ್ಪ್ರಿಂಗ್ ಇರುವ ಮೂಲೆಯನ್ನು ಬೆರಳಿನಿಂದ ಅದುಮಿ ಹಿಡಿದೇ ತೆರೆಯಬೇಕು. ಆ ಸ್ಪ್ರಿಂಗ್ ಹಾರಿಹೋದರೆ ಅದನ್ನು ಮತ್ತೆ ಸುತ್ತಿ ಕೂರಿಸುವುದು ಸೆಲ್ ಬದಲಾಯಿಸುವುದಕ್ಕಿಂತ ಕಷ್ಟದ ಕೆಲಸ.

ತಲೆಯಲ್ಲೇ ಗುಂಡಿಗಳಿರುವ ಹಳೆಯ ಮಾದರಿಯ ಉದ್ದ ಕೀಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಂದು ಸಣ್ಣ ಸ್ಟಾರ್ ಸ್ಕ್ರೂ ಬಿಚ್ಚಿದರೆ ಕವಚ ಎರಡಾಗುತ್ತದೆ. ಇಂಥ ಕೆಲವು ಕೀಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಸರ್ಕ್ಯೂಟ್ ಹಲಗೆಗೆ ಅಂಟಿಕೊಂಡಿರುವುದಿಲ್ಲ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು ತುಂಡಾಗಿಯೋ ಗಾಜಿನ ಕೊಳವೆಯಾಗಿಯೋ ಬಿಡಿಯಾಗಿ ತನ್ನ ಗೂಡಿನಲ್ಲಿ ಕುಳಿತಿರುತ್ತದೆ. ನಮ್ಮ ದೊಡ್ಡಪ್ಪನವರ ಕಾರಿನ ಕೀಯನ್ನು ನಾನು ಮೊದಲ ಬಾರಿಗೆ ಬಿಚ್ಚಿದ್ದು ಅಡಿಕೆ ಒಣಗಲು ಹಾಕಿದ್ದ ಅಂಗಳದ ಅಂಚಿನಲ್ಲಿ ನಿಂತುಕೊಂಡೇ. ಹೊಸ ಸೆಲ್ ಹಾಕಿದೆ, ಬಾಗಿಲು ತೆರೆಯಿತು, ಆದರೆ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಕವಚ ತೆರೆದ ಕ್ಷಣದಲ್ಲೇ ಆ ಚಿಪ್ ಕೆಳಕ್ಕೆ ಉದುರಿತ್ತು, ನನಗೆ ಅದು ಅಲ್ಲಿರುತ್ತದೆ ಎಂಬುದೇ ತಿಳಿದಿರಲಿಲ್ಲ. ಮನೆಮಂದಿಯೆಲ್ಲ ಅಡಿಕೆಯನ್ನು ಬದಿಗೆ ಸರಿಸಿ ಹುಡುಕಿ, ಸಂಜೆ ಹೊತ್ತಿಗೆ ಕಲ್ಲುಚಪ್ಪಡಿಯ ಸಂದಿನಲ್ಲಿ ಸಿಕ್ಕಿತು. ಸಿಗದೇ ಹೋಗಿದ್ದರೆ ಹೊಸ ಚಿಪ್ ಹಾಕಿಸಿ ಕಾರಿಗೆ ಪ್ರೋಗ್ರಾಮ್ ಮಾಡಿಸಬೇಕಾಗುತ್ತಿತ್ತು, ಅದಕ್ಕೆ ಸೆಲ್‌ನ ಬೆಲೆಯ ಎಷ್ಟೋ ಪಟ್ಟು ಖರ್ಚು. ಅಂಚಿರುವ ತಟ್ಟೆಯ ಮೇಲೆ ಕೆಲಸ ಮಾಡಿ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ.

ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು

ಕವಚ ತೆರೆದೊಡನೆ ಏನನ್ನೂ ಮುಟ್ಟದೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ಸೆಲ್‌ನ ಯಾವ ಮುಖ ಮೇಲಿದೆ, ರಬ್ಬರ್ ಗುಂಡಿಗಳ ಹಾಳೆ ಯಾವ ದಿಕ್ಕಿಗಿದೆ, ಸುತ್ತಲಿನ ತೆಳು ರಬ್ಬರ್ ಪಟ್ಟಿ ಹೇಗೆ ಕುಳಿತಿದೆ ಎಂಬುದೆಲ್ಲ ಅದರಲ್ಲಿ ಕಾಣಬೇಕು. ಸೆಲ್‌ನ ಅಗಲವಾದ, ಅಂಚಿನವರೆಗೂ ಸುತ್ತಿಕೊಂಡಿರುವ ಮುಖ ಪ್ಲಸ್. ಕೂಡಿಸುವ ಚಿಹ್ನೆಯೂ ಅದರ ಮೇಲೇ ಇರುತ್ತದೆ. ಸ್ವಲ್ಪ ಕಿರಿದಾದ ಇನ್ನೊಂದು ಮುಖ ಮೈನಸ್.

ಒಮ್ಮೆ ನೀರಿನ ನಲ್ಲಿಯನ್ನೋ ಕಿಟಕಿಯ ಸರಳನ್ನೋ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡ ಮೇಲೆ, ಹಲ್ಲುಕಡ್ಡಿಯಿಂದ ಸೆಲ್‌ನ ಅಂಚನ್ನು ಎತ್ತಿ ಹೊರತೆಗೆಯಿರಿ. ಲೋಹದ ಚಿಮುಟ ಬೇಡ, ಅದು ಎರಡೂ ಮುಖಗಳಿಗೆ ಒಟ್ಟಿಗೆ ತಾಗಿದರೆ ಸೆಲ್ ಶಾರ್ಟ್ ಆಗುತ್ತದೆ. ಸೆಲ್ ಅನ್ನು ಒತ್ತಿ ಹಿಡಿಯುವ ತಗಡಿನ ನಾಲಗೆಗಳನ್ನು ಹೆಚ್ಚು ಬಾಗಿಸಬಾರದು. ಅವುಗಳ ಬಿಗಿ ಹೋದರೆ ಯಾವ ಸೆಲ್ ಹಾಕಿದರೂ ಸಂಪರ್ಕ ಸಡಿಲವಾಗಿಯೇ ಇರುತ್ತದೆ.

ಈಗ ಆ ನಾಲಗೆಗಳನ್ನು ಬೆಳಕಿಗೆ ಹಿಡಿದು ನೋಡಿ. ಮಲೆನಾಡಿನಲ್ಲಿ ಎರಡು ಮೂರು ಮಳೆಗಾಲ ಕಂಡ ಕೀಯಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿಕೊಂಡಿರುವುದು ಅಪರೂಪವಲ್ಲ. ಬಟ್ಟೆಯ ಮೊನೆಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಹೋಗದಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಚೂರುಗಳನ್ನು ಊದಿ ತೆಗೆಯಬಹುದು. ಸಾಣೆ ಕಾಗದ ಮೇಲಿನ ಲೇಪವನ್ನೇ ಕಿತ್ತುಹಾಕುತ್ತದೆ, ಸೀಮೆಎಣ್ಣೆ ಮತ್ತು ಪೆಟ್ರೋಲ್ ರಬ್ಬರನ್ನು ಉಬ್ಬಿಸುತ್ತವೆ. ಈ ಮೂರನ್ನೂ ದೂರವಿಡಿ. ಇಂಥ ಒಂದು ಒರೆಸುವಿಕೆಯಿಂದಲೇ ಹಳೆಯ ಸೆಲ್‌ನಲ್ಲೇ ಕೀ ಸರಿಹೋದದ್ದನ್ನೂ ನಾನು ಕಂಡಿದ್ದೇನೆ.

ಹೊಸ ಸೆಲ್ ಅನ್ನು ನಾಣ್ಯದಂತೆ ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಜಿಡ್ಡು ಮುಖಕ್ಕೆ ತಾಗದಿರಲಿ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಗಿದುಬಿಡಲೆಂದು ಕೆಲವು ಸೆಲ್‌ಗಳಿಗೆ ಈಗ ಕಹಿ ಲೇಪ ಕೊಟ್ಟಿರುತ್ತಾರೆ. ಅದು ಮೆಚ್ಚಬೇಕಾದ ಏರ್ಪಾಡು, ಆದರೆ ಕೆಲವೊಮ್ಮೆ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ. ಹೊಸ ಸೆಲ್ ಹಾಕಿದರೂ ಕೀ ಸುಮ್ಮನಿದ್ದರೆ ನಾಲಗೆ ತಾಗುವ ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ ನೋಡಿ. ಚಿತ್ರದಲ್ಲಿ ಇದ್ದ ದಿಕ್ಕಿನಲ್ಲೇ ಸೆಲ್ ಅನ್ನು ಮೊದಲು ಒಂದು ಕಡೆಯ ಕೊಂಡಿಯ ಅಡಿಗೆ ಜಾರಿಸಿ, ಅನಂತರ ಇನ್ನೊಂದು ಕಡೆಯನ್ನು ಒತ್ತಿ ಕೂರಿಸಬೇಕು.

ಕವಚವನ್ನು ಪೂರ್ತಿ ಮುಚ್ಚುವ ಮೊದಲೇ ಕಾರಿನ ಬಳಿ ಹೋಗಿ ಗುಂಡಿಗಳನ್ನು ಒತ್ತಿ ನೋಡಿ. ಎಲ್ಲವೂ ಸರಿಯಿದ್ದರೆ ರಬ್ಬರ್ ಪಟ್ಟಿಯನ್ನು ಅದು ಮೊದಲಿದ್ದ ಸಂದಿನಲ್ಲೇ ಸರಿಯಾಗಿ ಕೂರಿಸಿ, ಸುತ್ತಲೂ ಒತ್ತುತ್ತಾ ಟಕ್ ಶಬ್ದ ಬರುವವರೆಗೆ ಮುಚ್ಚಿ. ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಮುಂದಿನ ಆಷಾಢದಲ್ಲಿ ನೀರು ಅಲ್ಲಿಂದಲೇ ಒಳಹೋಗುತ್ತದೆ. ಕವಚ ಸಡಿಲವಾಗಿದ್ದರೆ ಅಂಟು ಹಾಕಿ ಮುಚ್ಚಬೇಡಿ, ಮುಂದಿನ ಬಾರಿ ಅದನ್ನು ಒಡೆದೇ ತೆಗೆಯಬೇಕಾಗುತ್ತದೆ. ಹೊಸ ಕವಚಗಳು ಕೀ ಮಾಡುವವರ ಬಳಿ ಸಿಗುತ್ತವೆ. ಕೊನೆಗೆ ಎಂಜಿನ್ ಸ್ಟಾರ್ಟ್ ಮಾಡಿಯೂ ನೋಡಲು ಮರೆಯಬೇಡಿ.

ಆದರೂ ಕೆಲಸ ಮಾಡದಿದ್ದರೆ

ಸೆಲ್ ತಲೆಕೆಳಗಾಗಿದೆಯೇ ಎಂಬುದನ್ನು ಮೊದಲು ನೋಡಿ. ಹತ್ತರಲ್ಲಿ ಹಲವು ಬಾರಿ ಉತ್ತರ ಅಲ್ಲೇ ಇರುತ್ತದೆ. ಅನಂತರ ಇನ್ನೊಂದು ಹೊಸ ಸೆಲ್ ಹಾಕಿ ಪರೀಕ್ಷಿಸಿ. ಕೀ ಪ್ರತಿ ಬಾರಿಯೂ ಹೊಸ ಸಂಕೇತ ಕಳುಹಿಸುವುದರಿಂದ, ಮಕ್ಕಳು ಆಟಕ್ಕೆ ನೂರಾರು ಬಾರಿ ಒತ್ತಿದ್ದರೆ ಕಾರಿಗೂ ಕೀಗೂ ಲೆಕ್ಕ ತಪ್ಪಿರಬಹುದು. ಕೆಲವು ಮಾದರಿಗಳಲ್ಲಿ ಕೀ ಹಾಕಿ ಇಗ್ನಿಷನ್ ಆನ್ ಮಾಡಿದರೆ ಆ ಲೆಕ್ಕ ಮತ್ತೆ ಹೊಂದುತ್ತದೆ, ಉಳಿದವುಗಳ ಕ್ರಮ ಅವುಗಳ ಪುಸ್ತಕದಲ್ಲಿ ಇರುತ್ತದೆ. ಕೀ ಎಂದಾದರೂ ಮೇಲಿಂದ ಬಿದ್ದಿದ್ದರೆ ಸೆಲ್‌ನ ನಾಲಗೆಯ ಬೆಸುಗೆ ಬಿಟ್ಟಿರುವ ಸಾಧ್ಯತೆಯಿದೆ, ಮೊಬೈಲ್ ರಿಪೇರಿ ಮಾಡುವವರು ಅದನ್ನು ಸುಲಭವಾಗಿ ಬೆಸೆದುಕೊಡುತ್ತಾರೆ.

ದಾರಿಯಲ್ಲಿ ಸೆಲ್ ಸತ್ತಾಗ

ಕೊಡಚಾದ್ರಿಯ ಬುಡದಲ್ಲೋ ಜೋಗದಲ್ಲೋ ಕಾರು ನಿಲ್ಲಿಸಿ ಸುತ್ತಾಡಿ ಬಂದಾಗ ಬಾಗಿಲು ತೆರೆಯದಿದ್ದರೆ ಗಾಬರಿಪಡಬೇಕಾಗಿಲ್ಲ. ಸ್ಮಾರ್ಟ್ ಕೀಯೊಳಗಿನ ಲೋಹದ ಕೀಯನ್ನು ಹೊರತೆಗೆದು ಚಾಲಕನ ಬಾಗಿಲನ್ನು ಕೈಯಿಂದ ತೆರೆಯಿರಿ. ಕೆಲವು ಕಾರುಗಳಲ್ಲಿ ಕೀ ತೂತು ಹಿಡಿಕೆಯ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತದೆ. ಹೀಗೆ ತೆರೆದಾಗ ಅಲಾರಂ ಕೂಗಬಹುದು, ಎಂಜಿನ್ ಸ್ಟಾರ್ಟ್ ಆದೊಡನೆ ಅದು ನಿಲ್ಲುತ್ತದೆ. ಅನಂತರ ಬ್ರೇಕ್ ಒತ್ತಿ, ಕ್ಲಚ್ ಇರುವ ಕಾರಾದರೆ ಅದನ್ನೂ ಒತ್ತಿ, ಸ್ಮಾರ್ಟ್ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಗುಂಡಿ ಒತ್ತಿದರೆ ಹಲವು ಮಾದರಿಗಳು ಸ್ಟಾರ್ಟ್ ಆಗುತ್ತವೆ. ಕೆಲವು ಮಾದರಿಗಳಲ್ಲಿ ಕೀ ಇಡಬೇಕಾದ ಜಾಗ ಬೇರೆ ಕಡೆ ಇರುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ ಎಂಬುದನ್ನು ಇಂದೇ ಪುಸ್ತಕದಲ್ಲಿ ನೋಡಿ ಒಮ್ಮೆ ಮಾಡಿ ಅಭ್ಯಾಸ ಮಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಘಟ್ಟದ ತಿರುವಿನಲ್ಲಿ ಹುಡುಕಲು ಸಾಧ್ಯವಾಗುವುದಿಲ್ಲ.

ಮಳೆಗಾಲದ ಜಾಗ್ರತೆ

ಕೀ ನೆನೆದಿದ್ದರೆ ಗುಂಡಿ ಒತ್ತಿ ಪರೀಕ್ಷಿಸುವ ಮೊದಲೇ ಸೆಲ್ ತೆಗೆದುಬಿಡಿ. ತೇವದ ನಡುವೆ ವಿದ್ಯುತ್ ಹರಿದಾಗಲೇ ತಗಡು ಬೇಗ ತಿನ್ನಲ್ಪಡುವುದು. ಗದ್ದೆಯ ಕೆಸರು ನೀರು ಒಳಹೋಗಿದ್ದರೆ ಶುದ್ಧ ನೀರಿನಲ್ಲಿ ತೊಳೆದು, ಆಲ್ಕೋಹಾಲಿನಲ್ಲಿ ಒರೆಸಿ, ಎರಡು ದಿನ ಫ್ಯಾನಿನ ಕೆಳಗೆ ಬಿಡಿ. ಒದ್ದೆ ಬಟ್ಟೆಯ ಜೊತೆ ಕೀಯನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ಬೇಡ, ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಮಸಿಯೂ ಒಳಗೆ ಸೇರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುವುದು ಇದಕ್ಕಿಂತ ಒಳ್ಳೆಯ ದಾರಿ. ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ದಿನ ಕೀಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ; ಮೈಲುತುತ್ತದ ನೀರು ಸಂದಿನಲ್ಲಿ ಇಳಿದರೆ ಬರಿಯ ಮಳೆನೀರಿಗಿಂತ ಬೇಗ ಕೆಡಿಸುತ್ತದೆ. ಸ್ಮಾರ್ಟ್ ಕೀಯನ್ನು ಕಾರು ನಿಲ್ಲುವ ಜಾಗಕ್ಕೆ ತಾಗಿದ ಗೋಡೆಯ ಮೊಳೆಗೆ ತೂಗುಹಾಕಿದರೆ ಕೆಲವು ಕಾರುಗಳಲ್ಲಿ ರಾತ್ರಿಯೆಲ್ಲ ಅವೆರಡೂ ಸಂಕೇತ ವಿನಿಮಯ ಮಾಡುತ್ತಲೇ ಇದ್ದು ಸೆಲ್ ಬೇಗ ಸೋಲುತ್ತದೆ, ಆದ್ದರಿಂದ ಒಳಕೋಣೆಯಲ್ಲಿಡಿ.

ಹಳೆಯ ಸೆಲ್ ಮತ್ತು ಮನೆಯ ಮಕ್ಕಳು

ಈ ಮಾರ್ಗದರ್ಶಿಯಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಕೀಗೆ ಸಾಲದಷ್ಟು ಸೋತ ಸೆಲ್‌ನಲ್ಲೂ ಮಗುವಿನ ಅನ್ನನಾಳವನ್ನು ಸುಡುವಷ್ಟು ವಿದ್ಯುತ್ ಉಳಿದಿರುತ್ತದೆ. 20 ಮಿಲಿಮೀಟರ್ ಅಗಲದ ಸೆಲ್ ಚಿಕ್ಕ ಮಕ್ಕಳ ಗಂಟಲ ಕೆಳಗೆ ಸಿಕ್ಕಿಕೊಳ್ಳುವ ಗಾತ್ರದ್ದು. ಅಲ್ಲಿ ಅದರ ಮೈನಸ್ ಮುಖದ ಬಳಿ ಕ್ಷಾರ ಹುಟ್ಟಿ ಎರಡು ಗಂಟೆಗಳೊಳಗೆ ತೀವ್ರ ಗಾಯವಾಗಬಹುದು. ಮಗು ನುಂಗಿದೆ ಎಂಬ ಸಂಶಯವಷ್ಟೇ ಇದ್ದರೂ ಕಾಯದೆ, ವಾಂತಿ ಮಾಡಿಸದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಶಿವಮೊಗ್ಗದ ಆಸುಪಾಸಿನವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಲು ಶಕ್ತವಾಗಿದ್ದು, ನುಂಗಿ 12 ಗಂಟೆ ಮೀರಿರದಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಆರು ಬಾರಿಯವರೆಗೆ ಕೊಡಬಹುದು ಎಂಬುದು ವೈದ್ಯರ ಸಲಹೆ. ಅದು ಗಾಯವನ್ನು ನಿಧಾನಗೊಳಿಸುತ್ತದೆಯೇ ಹೊರತು ಚಿಕಿತ್ಸೆಯಲ್ಲ. ಜೇನು ಹುಡುಕುತ್ತಾ ಹೊರಡುವುದನ್ನು ತಡಮಾಡಬಾರದು. ಬೇರೆ ಯಾವ ಆಹಾರವನ್ನೂ ಕೊಡಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಸಲ್ಲದು. ಮೂಗು ಅಥವಾ ಕಿವಿಯೊಳಗೆ ಸೆಲ್ ಸೇರಿಕೊಂಡರೂ ಇಷ್ಟೇ ತುರ್ತು.

ಆದ್ದರಿಂದ ಹಳೆಯ ಸೆಲ್ ಕೀಯಿಂದ ಹೊರಬಂದ ಕ್ಷಣವೇ ಎರಡೂ ಮುಖಗಳನ್ನು ಮುಚ್ಚುವಂತೆ ಟೇಪ್ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಎತ್ತರದಲ್ಲಿಡಿ. ಹೊಸ ಸೆಲ್‌ಗಳ ಪ್ಯಾಕೂ ಅಲ್ಲೇ ಇರಲಿ. ಹಳೆಯದನ್ನು ಒಲೆಗೆ ಹಾಕುವುದಾಗಲಿ ತೋಟದ ಗೊಬ್ಬರದ ಗುಂಡಿಗೆ ಎಸೆಯುವುದಾಗಲಿ ಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಮನೆಯ ಇತರ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಇಟ್ಟು ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಕೆದಾರರ ಹೊಣೆ. ನಮ್ಮ ಮನೆಯಲ್ಲಿ ಗಡಿಯಾರ, ಟಾರ್ಚ್, ಕೀ ಎಲ್ಲದರ ಹಳೆಯ ಸೆಲ್‌ಗಳು ಒಂದೇ ಡಬ್ಬಿಯಲ್ಲಿ ಸೇರುತ್ತವೆ, ಕಾರನ್ನು ಸರ್ವಿಸ್‌ಗೆ ಬಿಡುವ ದಿನ ಆ ಡಬ್ಬಿಯೂ ಪೇಟೆಗೆ ಹೋಗುತ್ತದೆ.